ಐದನೇ ಮಹಡಿಯ ಕಡಲಪ್ಪ

ರೈಲ್ವೆ ನಿಲ್ದಾಣಗಳ ಹಳದಿ ಬೋರ್ಡಿನ ಅಡಿಯಲ್ಲಿ ಆ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತಾರೆ. ಬೆಂಗಳೂರಿನದು 900 ಮೀಟರಿನ ಆಸುಪಾಸು. ಕಾರು ಹತ್ತಿ ಮೂಡಲಿಗೆ ಹೊರಟರೂ ಪಡುವಲಿಗೆ ಹೊರಟರೂ ಕಾಲಿಗೆ ಉಪ್ಪುನೀರು ಸೋಕಬೇಕಾದರೆ 300 ಕಿಲೋಮೀಟರಿಗೆ ಕಡಿಮೆಯಿಲ್ಲ. ಇಂಥ ಊರಿನಲ್ಲಿ, ಬೆಳ್ಳಂದೂರಿನ ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ, ಟಿವಿ ಇರಬೇಕಾದ ಗೋಡೆಯ ಪಕ್ಕ 450 ಲೀಟರ್ ಸಮುದ್ರ ಇದೆ. ಅದರ ಮುಂದೆ ಬೆಳಗಿನ ಆರು ಗಂಟೆಗೆ ಲುಂಗಿ ಎತ್ತಿ ಕಟ್ಟಿಕೊಂಡು, ಬೆರಳುದ್ದದ ಗಾಜಿನ ಶೀಶೆಯೊಳಗೆ ಹನಿ ಹನಿಯಾಗಿ ಏನನ್ನೋ ಬಿಡುತ್ತ, ಗುಲಾಬಿ ಬಣ್ಣ ನೀಲಿಗೆ ತಿರುಗುವುದನ್ನು ಉಸಿರು ಹಿಡಿದು ಕಾಯುತ್ತಿರುವವರೇ ಕಡಲಪ್ಪನವರು.

ಕಡಲಪ್ಪ ಎನ್ನುವುದು ಆಧಾರ್ ಕಾರ್ಡಿನ ಹೆಸರಲ್ಲ. ಈ ಜಾತಿಯವರು ಸಾಫ್ಟ್‌ವೇರಿನಲ್ಲೂ ಇದ್ದಾರೆ, ಬ್ಯಾಂಕಿನಲ್ಲೂ ಇದ್ದಾರೆ, ಹಲ್ಲಿನ ಡಾಕ್ಟರುಗಳಲ್ಲಂತೂ ಧಾರಾಳವಾಗಿ ಇದ್ದಾರೆ. ಎಲ್ಲರಿಗೂ ಸೇರಿ ಒಂದು ಹೆಸರು ಸಾಕು. ವಯಸ್ಸು 40ರ ಆಚೀಚೆ. ಕ್ಯಾಮೆರಾ ಹುಚ್ಚು, ಸೈಕಲ್ ಹುಚ್ಚು, ಲಾಕ್‌ಡೌನಿನಲ್ಲಿ ಹುಳಿಹಿಟ್ಟಿನ ಬ್ರೆಡ್ಡಿನ ಹುಚ್ಚು, ಎಲ್ಲ ಬಂದು ಹೋಗಿವೆ. ಬ್ರೆಡ್ಡಿನ ಕಾಲದಲ್ಲೇ ಮನೆಯವರು ಎಚ್ಚೆತ್ತುಕೊಳ್ಳಬೇಕಿತ್ತು. ಜಾಡಿಯೊಳಗಿನ ಬ್ಯಾಕ್ಟೀರಿಯಾಕ್ಕೆ ಹೊತ್ತುಹೊತ್ತಿಗೆ ಹಿಟ್ಟುಣಿಸಿ, ಅದು ಉಬ್ಬಲಿಲ್ಲವೆಂದು ರಾತ್ರಿ ನಿದ್ದೆಗೆಟ್ಟ ಮನುಷ್ಯ ಮುಂದೆ ಎಲ್ಲಿಗೆ ಬೇಕಾದರೂ ಹೋಗಬಲ್ಲ.

ಹವಳದ ತೊಟ್ಟಿಯ ಯೋಜನೆ ಎಂಟು ತಿಂಗಳು ನಡೆಯಿತು. ಸ್ವಂತ ಮದುವೆಗೆ ಮೂರು ವಾರದಲ್ಲಿ ಒಪ್ಪಿದವರು ಇವರು. ಎಕ್ಸೆಲ್ ಹಾಳೆಯಲ್ಲಿ ದೀಪಕ್ಕೊಂದು ಪುಟ, ಪಂಪಿಗೊಂದು ಪುಟ, ಕಲ್ಲಿಗೊಂದು ಪುಟ. ಒಟ್ಟು ಖರ್ಚಿನ ಪುಟಕ್ಕೆ ಪಾಸ್‌ವರ್ಡ್. ಆಮೇಲೆ ಭಾರದ ಪ್ರಶ್ನೆ ಬಂತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ ನೀರೇ 450 ಕೆಜಿ. ಗಾಜು, ಕಲ್ಲು, ಮರಳು, ಕೆಳಗಿನ ಸ್ಟ್ಯಾಂಡು ಸೇರಿ 650 ಕೆಜಿ ದಾಟುತ್ತದೆ. ವಾಸದ ಮನೆಯ ನೆಲಕ್ಕೆ ನಮ್ಮ ಭಾರತೀಯ ಮಾನಕ ಸಂಹಿತೆ ಹಿಡಿಯುವ ಲೆಕ್ಕ ಚದರ ಮೀಟರಿಗೆ 200 ಕೆಜಿಯಷ್ಟು. ತೊಟ್ಟಿ ಕೂರುವ ಜಾಗ ಮುಕ್ಕಾಲು ಚದರ ಮೀಟರ್. ಕಡಲಪ್ಪನವರು ಸಿವಿಲ್ ಎಂಜಿನಿಯರ್ ಗೆಳೆಯನನ್ನು ಊಟಕ್ಕೆ ಕರೆದು, ಒಬ್ಬಟ್ಟು ಬಡಿಸಿ, ಗೋಡೆ ತಟ್ಟಿಸಿ, ತೊಲೆ ಎಲ್ಲಿದೆ ಎಂದು ಹುಡುಕಿಸಿ, ಅದರ ಮೇಲೇ ತೊಟ್ಟಿ ಬರುವಂತೆ ಗುರುತು ಹಾಕಿಸಿಕೊಂಡರು.

“ಅಂದರೆ ಹಾಲಿನಲ್ಲಿ ಒಂದು ಎಮ್ಮೆ ಕಟ್ಟಿದ ಹಾಗೆ,” ಎಂದು ಗೆಳೆಯ ಸರಳ ಮಾಡಿ ಹೇಳಿದ.

“ಎಮ್ಮೆಯಾಗಿದ್ದರೆ ಹಾಲಾದರೂ ಬರೋದು,” ಎಂದರು ಮನೆಯಾಕೆ.

ತೊಟ್ಟಿ ಬಂದ ದಿನ ಬಂಧುಗಳೆಲ್ಲ ಮೀನು ನೋಡಲು ಬಂದರು. ಮೀನು ಇರಲಿಲ್ಲ. ನೀರೂ ಇರಲಿಲ್ಲ. ಕಡಲಪ್ಪನವರ ಮಾತು ಅಂದು ಮನೆಯವರಿಗೆ ಅರ್ಥವಾಗಲಿಲ್ಲ, ಈಗ ಆಗಿದೆ: ಈ ಹವ್ಯಾಸದಲ್ಲಿ ಮೀನು ಸಾಕುವುದಿಲ್ಲ, ನೀರು ಸಾಕುತ್ತಾರೆ. ಮೀನು ಆ ನೀರಿನ ಮೇಲೆ ಬದುಕಿಕೊಳ್ಳುತ್ತದೆ, ಅಷ್ಟೆ.

ಬೆಂಗಳೂರಿನಲ್ಲಿ ನೀರು ಸಾಕುವುದೆಂದರೇನು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾವೇರಿ ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರ್ ಕೊಳವೆಯಲ್ಲಿ ಹರಿದು, ಸುಮಾರು 500 ಮೀಟರ್ ಎತ್ತರ ಹತ್ತಿ ಈ ಊರಿಗೆ ಬರುತ್ತಾಳೆ. ಇಷ್ಟು ಕಷ್ಟಪಟ್ಟು ಬಂದ ನೀರನ್ನು ಕಡಲಪ್ಪನವರು ತೊಟ್ಟಿಯ ಹತ್ತಿರ ಸುಳಿಯಗೊಡುವುದಿಲ್ಲ. ಕ್ಲೋರಿನ್ ಇರುತ್ತದೆ, ಸಿಲಿಕೇಟ್ ಇರುತ್ತದೆ, ಹಳೆಯ ಕೊಳಾಯಿಯಿಂದ ಒಂದು ತುಣುಕು ತಾಮ್ರ ಬಂದರೂ ಹವಳ ಸಿಗಡಿಗಳ ಕಥೆ ಮುಗಿಯಿತು. ತಾಮ್ರದ ಚೊಂಬಿನ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿದ ಅತ್ತೆಯವರಿಗೆ ಈ ಮಾತು ಇಂದಿಗೂ ಒಗ್ಗಿಲ್ಲ. ಬೋರ್‌ವೆಲ್ ನೀರಿನ ಹೆಸರೆತ್ತಿದರೆ ಕಡಲಪ್ಪನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹೀಗಾಗಿ ಅಡುಗೆಮನೆಯ ಪಕ್ಕದ ಬಾಲ್ಕನಿಯಲ್ಲಿ ಐದು ಸಿಲಿಂಡರುಗಳ ಶುದ್ಧೀಕರಣ ಯಂತ್ರ ಕೂತಿದೆ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರನ್ನು ಅದು ಹೊರಗೆ ಬಿಡುತ್ತದೆ. ಬಂದ ನೀರಿನಲ್ಲಿ ಕರಗಿದ್ದು ಏನೂ ಇಲ್ಲವೆಂದು, ಅಂದರೆ ಟಿಡಿಎಸ್ ಸೊನ್ನೆ ಎಂದು ಮೀಟರು ಹೇಳಬೇಕು. ಹೇಳಿದ ಕೂಡಲೇ ಆ ಪರಿಶುದ್ಧ ನೀರಿಗೆ ಕಡಲಪ್ಪನವರು ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಉಪ್ಪು ಸುರಿಯುತ್ತಾರೆ.

“ಎಲ್ಲಾ ತೆಗೆದು ಆಮೇಲೆ ಎಲ್ಲಾ ಹಾಕೋದಾದ್ರೆ, ತೆಗೆದದ್ದು ಯಾಕೆ?” ಎಂದು ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಇದೆ. ಉದ್ದವಾಗಿದೆ.

ಮೊದಲ ಸಲ ತುಂಬಿಸಲು 16 ಕೆಜಿ ಉಪ್ಪು ಹಿಡಿಯಿತು. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಾಯಿಸಲು ಮತ್ತೆ ಒಂದೂವರೆ ಕೆಜಿ ಮೇಲ್ಪಟ್ಟು. ಅಂಗಡಿಯ ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಸಮುದ್ರದ ಪ್ರಮಾಣದಲ್ಲಿ ಸೇರಿಸಿದ ಬಕೆಟ್ಟು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಸಮುದ್ರವನ್ನು ಪುಡಿ ಮಾಡಿ ಸಮುದ್ರದ ಮೇಲೆಯೇ ತರಿಸುವ ಈ ವ್ಯಾಪಾರವನ್ನು ಕಂಡು ಅತ್ತೆಯವರು ಒಂದು ಮಾತು ಆಡಿದರು: “ಸಮುದ್ರ ಕಡೆದಾಗ ಲಕ್ಷ್ಮಿ ಹೊರಗೆ ಬಂದಳಂತೆ. ನಮ್ಮನೇಲಿ ಸಮುದ್ರದೊಳಗೇ ಹೋಗ್ತಾ ಇದಾಳೆ.”

ಟಿಡಿಎಸ್ ಮೀಟರು ಪೆನ್ನಿನಷ್ಟೇ ಇರುವುದರಿಂದ ಕಡಲಪ್ಪನವರ ಜೇಬಿನಲ್ಲಿ ಅದು ಪೆನ್ನಿನ ಜಾಗ ಹಿಡಿದಿದೆ. ಯಾರ ಮನೆಗೆ ಹೋದರೂ ಕೊಟ್ಟ ನೀರಿನ ಲೋಟದೊಳಗೆ ಅದರ ತುದಿ ಇಳಿಯುತ್ತದೆ. ನಾದಿನಿಯ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು, ಬಾಟಲಿ ನೀರಿಗೂ ಪಾನಕಕ್ಕೂ ಮೀಟರು ಅದ್ದಿ, ಎದುರಿಗೆ ಕೂತ ಬೀಗರಿಗೆ ಅಂಕಿ ಓದಿ ಹೇಳಿದರು. ಆ ಬೀಗರು ಈಗಲೂ ಇವರನ್ನು ನೀರಾವರಿ ಇಲಾಖೆಯವರೆಂದೇ ತಿಳಿದಿದ್ದಾರೆ.

2024ರ ಮಾರ್ಚ್ ಬಂತು. ಊರ ತುಂಬ ಟ್ಯಾಂಕರುಗಳು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೊರಡಿಸಿದ ಆದೇಶ ಲಿಫ್ಟಿನೊಳಗೆ ಅಂಟಿತು. ಪಟ್ಟಿಯಲ್ಲಿ ಹವಳದ ಹೆಸರಿರಲಿಲ್ಲ. ಆದರೂ ಕಡಲಪ್ಪನವರು ಆ ತಿಂಗಳೆಲ್ಲ ಬಕೆಟ್ಟಿನ ಮೇಲೆ ಟವೆಲು ಹೊದಿಸಿಕೊಂಡೇ ಓಡಾಡಿದರು. ಮನೆಯಲ್ಲಿ ಸ್ನಾನಕ್ಕೆ ಅರ್ಧ ಬಕೆಟ್ಟು. ಯಂತ್ರ ಹೊರಬಿಟ್ಟ ನೀರಲ್ಲಿ ನೆಲ ಒರೆಸಿ, ಪಾತ್ರೆ ತೊಳೆದು, ಉಳಿದದ್ದು ಶೌಚಾಲಯಕ್ಕೆ. ಒಂದು ನ್ಯಾಯ ಹೇಳಲೇಬೇಕು. ತೊಟ್ಟಿ ಇಲ್ಲದ ಎಷ್ಟೋ ಮನೆಗಳು ಆ ಬೇಸಿಗೆಯಲ್ಲಿ ಅಷ್ಟು ಲೆಕ್ಕವಿಟ್ಟು ನೀರು ಬಳಸಲಿಲ್ಲ.

ನೀರಾದ ಮೇಲೆ ಕಲ್ಲು. ಕಲ್ಲಿಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡಬೇಕೆಂದು ಗೊತ್ತಾದಾಗ ಊರಿನಿಂದ ಬಂದಿದ್ದ ಮಾವನವರು ತಮ್ಮ ಅಡಿಕೆ ತೋಟದ ಬದುವಿನಿಂದ ಎಷ್ಟು ಬೇಕಾದರೂ ಪುಕ್ಕಟೆ ಕಳಿಸುವುದಾಗಿ ಹೇಳಿದರು. ಆದರೆ ಇದು ಸುಣ್ಣದಂಶದ, ಸ್ಪಂಜಿನಂತೆ ತೂತು ತೂತಾದ ಕಲ್ಲು. ಆ ತೂತುಗಳೊಳಗೆ ಬ್ಯಾಕ್ಟೀರಿಯಾ ಮನೆ ಮಾಡಬೇಕು. ಮೀನಿನ ಹೇಲು, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದರೆ ಅಷ್ಟರಮಟ್ಟಿಗೆ ಜೀವಿಗಳು ತಡೆದುಕೊಳ್ಳುತ್ತವೆ. ಈ ಇಬ್ಬರು ಕೆಲಸಗಾರರು ತೊಟ್ಟಿಗೆ ಬಂದು ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅವರಿಗೆ ಅಮೋನಿಯಾ ಒದಗಿಸಬೇಕು. ಶೀಶೆಯಲ್ಲಿ ಬರುತ್ತದೆ, ಹನಿ ಲೆಕ್ಕದಲ್ಲಿ ಬಿಡಬಹುದು. ಕಡಲಪ್ಪನವರು ಹಳೆಯ ಕಾಲದವರ ವಿಧಾನವೇ ಶಾಸ್ತ್ರೋಕ್ತವೆಂದು ಓದಿಕೊಂಡಿದ್ದರು. ಆ ವಿಧಾನದಲ್ಲಿ ತೊಟ್ಟಿಯೊಳಗೆ ಒಂದು ಸತ್ತ ಸಿಗಡಿ ಹಾಕಿ ಕೊಳೆಯಲು ಬಿಡುತ್ತಾರೆ.

ಈರುಳ್ಳಿಯನ್ನೇ ಏಕಾದಶಿಗೆ ಹೊರಗಿಡುವ ಮನೆ ಅದು. ಕಡಲಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ರಸೆಲ್ ಮಾರ್ಕೆಟ್ಟಿಗೆ ಹೋಗಿ, ಮೂಗಿಗೆ ಕರವಸ್ತ್ರ ಹಿಡಿದು, “ಒಂದೇ ಒಂದು ಸಿಗಡಿ ಕೊಡಿ” ಎಂದರು. ಅಂಗಡಿಯವನು ಕಾಲು ಕೆಜಿಗಿಂತ ಕಡಿಮೆ ತೂಗುವುದಿಲ್ಲ ಎಂದ. ಇವರು ಕಾಲು ಕೆಜಿಗೆ ದುಡ್ಡು ಕೊಟ್ಟು ಒಂದನ್ನು ತೆಗೆದುಕೊಂಡರು. “ಯಾರಿಗೆ ಸಾರ್, ಪೇಷಂಟಿಗಾ?” ಎಂದು ಅವನು ಕೇಳಿದನಂತೆ. ಮನೆಗೆ ತಂದು, ದೇವರಮನೆಯ ಬಾಗಿಲು ಮುಂದೆ ಮಾಡಿ, ತೊಟ್ಟಿಗೆ ಇಳಿಬಿಟ್ಟರು. ಮೂರನೆಯ ದಿನ ಮನೆಯಲ್ಲಿ ಊದಿನಕಡ್ಡಿ ಖರ್ಚು ಹೆಚ್ಚಾಯಿತು.

ಆ ಆರು ವಾರ ಬೆಳಗಿನ ಕಾಫಿ ಹೊತ್ತಿಗೆ ಜ್ವರದ ಚಾರ್ಟು ಓದಿದ ಹಾಗೆ ಪ್ರಕಟಣೆ ಹೊರಡುತ್ತಿತ್ತು. “ಅಮೋನಿಯಾ ಏರಿದೆ.” “ನೈಟ್ರೈಟ್ ಕಾಣಿಸ್ಕೊಂಡಿದೆ.” ಕೊನೆಗೊಂದು ದಿನ, “ಎರಡೂ ಸೊನ್ನೆ!” ಎಂದು ಕೂಗಿದಾಗ ಅತ್ತೆಯವರು ನಿಟ್ಟುಸಿರು ಬಿಟ್ಟು, “ಅಂತೂ ಸೂತಕ ಕಳೀತು,” ಎಂದು ತಲೆಗೆ ನೀರು ಹಾಕಿಕೊಳ್ಳಲು ಹೋದರು.

ಇಷ್ಟರ ನಂತರ ತೊಟ್ಟಿ ಚಂದ ಕಾಣಬೇಕಲ್ಲ? ಎರಡನೇ ತಿಂಗಳು ಮರಳಿನ ಮೇಲೆ ಕಂದು ಬಣ್ಣದ ಪಾಚಿ ಹರಡಿತು. ಮೂರನೇ ತಿಂಗಳು ಹಸಿರು ಕೂದಲು ಬೆಳೆಯಿತು. ನಾಲ್ಕನೇ ತಿಂಗಳು ಕೆಂಪು ಲೋಳೆ. ಹೊಸ ತೊಟ್ಟಿಗಳೆಲ್ಲ ದಾಟಬೇಕಾದ ಈ ಅವಸ್ಥೆಗೆ ಹವ್ಯಾಸಿಗಳು ‘ಅಗ್ಲಿ ಫೇಸ್’ ಎಂದೇ ಹೆಸರಿಟ್ಟಿದ್ದಾರೆ. ಕಿಟಕಿಯಿಂದ ಬೆಳ್ಳಂದೂರು ಕೆರೆ ಕಾಣುತ್ತದೆ. ನೋಡಲು ಬಂದ ಪಕ್ಕದ ಮನೆಯವರು ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡಿ ಏನೂ ಹೇಳದೆ ಚಹಾ ಕುಡಿದು ಹೋದರು.

ಹೇಳುವಂಥದ್ದು ಮಾತ್ರ ಇತ್ತು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಪ್ರೋಟೀನ್ ಸ್ಕಿಮ್ಮರ್ ಎಂಬ ದುಬಾರಿ ಯಂತ್ರವಿದೆ. ಅದು ನೀರಿಗೆ ಸಣ್ಣ ಸಣ್ಣ ಗಾಳಿಗುಳ್ಳೆ ಬೆರೆಸಿ ನೊರೆ ಎಬ್ಬಿಸುತ್ತದೆ. ಕೊಳಕಿನ ಅಣುಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲೇರಿ ಬಟ್ಟಲಿಗೆ ಬೀಳುತ್ತವೆ, ಕಡುಕಾಫಿಯ ಬಣ್ಣದಲ್ಲಿ, ಕಾಫಿಯದಲ್ಲದ ವಾಸನೆಯಲ್ಲಿ. 2015ರ ನಂತರ ಬೆಳ್ಳಂದೂರು ಕೆರೆ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದೂ ಬಹುಮಟ್ಟಿಗೆ ಇದೇ ತತ್ವದಿಂದ. ಅಲ್ಲಿ ಚರಂಡಿ ನೀರು, ಸಾಬೂನು, ಡಿಟರ್ಜೆಂಟಿನ ಫಾಸ್ಫೇಟ್. ಇಲ್ಲಿಯೂ ಕಡಲಪ್ಪನವರ ಹಗಲುರಾತ್ರಿಯ ವೈರಿ ಅದೇ ಫಾಸ್ಫೇಟ್. ಊರಿನವರು ಮೂಗು ಮುಚ್ಚಿ ಶಾಪ ಹಾಕಿದ ನೊರೆಯನ್ನು ಇವರು ಸಾಲ ಮಾಡಿ ಮನೆಯೊಳಗೆ ಎಬ್ಬಿಸಿಕೊಂಡಿದ್ದಾರೆ. 2017ರ ಫೆಬ್ರವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದದ್ದನ್ನು ನೆನೆದು ಮನೆಯಾಕೆ ತೊಟ್ಟಿಯ ಪಕ್ಕ ದೀಪ ಹಚ್ಚುವುದಿಲ್ಲ.

ಯಂತ್ರಗಳು ಕೂರುವ ಆ ಕೆಳಗಿನ ತೊಟ್ಟಿಗೆ ಹೆಸರು ‘ಸಂಪ್’. ಬೆಂಗಳೂರಿಗನಿಗೆ ಸಂಪೆಂದರೆ ಗೇಟಿನ ಪಕ್ಕ ನೆಲದಡಿ ಇರುವ ನೀರಿನ ಗುಂಡಿ. “ಭಾನುವಾರ ಬರೋಕಾಗಲ್ಲ, ಸಂಪ್ ಕ್ಲೀನಿಂಗ್ ಇದೆ” ಎಂದು ಕಡಲಪ್ಪನವರು ಎರಡು ವರ್ಷದಿಂದ ನಾಮಕರಣ, ಗೃಹಪ್ರವೇಶಗಳನ್ನು ತಪ್ಪಿಸಿಕೊಂಡು ಬಂದಿದ್ದಾರೆ. ಐದನೇ ಮಹಡಿಯವನಿಗೆ ಸಂಪೆಲ್ಲಿಂದ ಬಂತು ಎಂದು ಯಾವ ನೆಂಟರೂ ಇನ್ನೂ ಯೋಚಿಸಿಲ್ಲ.

ಹವಳದ ವಿಷಯಕ್ಕೆ ಬರುವ ಮೊದಲು ಅತ್ತೆಯವರ ಒಂದು ಆಸೆಯನ್ನು ಇತ್ಯರ್ಥ ಮಾಡಬೇಕು. ಹವಳ ಬೆಳೆಯುತ್ತದಂತೆ ಎಂದು ಕೇಳಿದ ದಿನದಿಂದ ಅವರ ಮನಸ್ಸಿನಲ್ಲಿ ಎರಡೆಳೆ ಸರ ಓಡಾಡುತ್ತಿತ್ತು, ಕುಜನಿಗೂ ಒಳ್ಳೆಯದು. ಕಡಲಪ್ಪನವರು ಕೂರಿಸಿಕೊಂಡು ವಿವರಿಸಿದರು: ಆಭರಣದ ಕೆಂಪು ಹವಳವೇ ಬೇರೆ, ಅದು ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಲ್ಲಿ ನಿಧಾನವಾಗಿ ಬೆಳೆಯುವಂಥದ್ದು. ಇಲ್ಲಿರುವುದು ಬಿಸಿಲು ಬೇಡುವ ಹವಳ. ಗಿಡದಂತೆ ಕಾಣುವ ಪ್ರಾಣಿ. ಇದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಬಹುಪಾಲನ್ನು ಮನೆಮಾಲೀಕನಿಗೇ ಕೊಡುತ್ತದೆ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಾಗೆಯೇ ನಿಂತರೆ ಮಾಲೀಕ ತಲೆಕೆಟ್ಟು ಬಾಡಿಗೆದಾರನನ್ನು ಹೊರಹಾಕುತ್ತಾನೆ. ಆಮೇಲೆ ತಾನೇ ಬಿಳಿಚಿಕೊಂಡು, ಉಪವಾಸ ಬಿದ್ದು ಸಾಯುತ್ತಾನೆ.

“ಹತ್ತು ತಿಂಗಳ ಅಡ್ವಾನ್ಸಾದರೂ ವಾಪಸು ಕೊಡ್ತಾನಾ?” ಎಂದರು ಮನೆಯಾಕೆ. ಮದುವೆಯಾದ ಹೊಸದರಲ್ಲಿ ನಾಲ್ಕು ಬಾಡಿಗೆ ಮನೆ ಕಂಡವರು.

ಈ ಬಿಸಿಯ ಭಯಕ್ಕೆ ತೊಟ್ಟಿಗೆ ಒಂದು ಚಿಲ್ಲರ್ ಇದೆ. ಡಿಸೆಂಬರಿನ ಚಳಿಗೆ ಹೀಟರೂ ಇದೆ. ಎರಡರ ನಡುವೆ 25, 26 ಡಿಗ್ರಿಯಲ್ಲಿ ಹವಳಗಳು ಹಾಯಾಗಿವೆ. 2024ರ ಏಪ್ರಿಲಿನಲ್ಲಿ ಊರು 37 ಡಿಗ್ರಿ ದಾಟಿದಾಗ ಮನೆಯವರು ಸಂಜೆ ಹೊತ್ತು ತೊಟ್ಟಿಯ ಗಾಜಿಗೆ ಕೆನ್ನೆ ಒತ್ತಿಕೊಂಡು ಕೂರುತ್ತಿದ್ದರು. ಅದೇ ತಿಂಗಳ 15ರಂದು ಜಗತ್ತಿನ ಹವಳದ ದಂಡೆಗಳು ನಾಲ್ಕನೇ ಬಾರಿ ಜಾಗತಿಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ಅಮೆರಿಕದ ಸಾಗರ ಸಂಸ್ಥೆ ನೋವಾ ಸಾರಿತು. ಸ್ವಲ್ಪ ದಿನಕ್ಕೆ ಲಕ್ಷದ್ವೀಪದಿಂದಲೂ ಅದೇ ಸುದ್ದಿ ಬಂತು. ಕಡಲಪ್ಪನವರು ಆ ದಿನ ಊಟದ ಹೊತ್ತಿಗೆ ಮಾತಾಡಲಿಲ್ಲ. ಚಿಲ್ಲರನ್ನು ಅರ್ಧ ಡಿಗ್ರಿ ಇಳಿಸಿದರು.

ಕಾನೂನಿನ ಭಯ ಬೇರೆ. ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಸಮುದ್ರ ಬೀಸಣಿಗೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಸೇರಿವೆ. ಹುಲಿ ಇರುವ ಪಟ್ಟಿಯೇ ಅದು. ನಮ್ಮ ಕಡಲಿನಿಂದ ಒಂದು ಚೂರು ಮುರಿದು ತರುವ ಹಾಗಿಲ್ಲ. ಹಾಗಾಗಿ ಕಡಲಪ್ಪನವರ ತೊಟ್ಟಿಯಲ್ಲಿರುವುದು ಅಣಬೆಯಂಥ, ತೊಗಲಿನಂಥ, ಗುಂಡಿಯಂಥ ಮೃದುಹವಳಗಳು, ಬಿಲ್ಲು ಸಮೇತ. ಬಿಲ್ಲುಗಳನ್ನು ಲ್ಯಾಮಿನೇಟ್ ಮಾಡಿಸಿ ಮಗಳ ಜನನ ಪ್ರಮಾಣಪತ್ರದ ಜೊತೆ ಇಟ್ಟಿದ್ದಾರೆ. ಮಾವನವರ ಷೋಕೇಸಿನಲ್ಲಿ ಹಿಂದೆಂದೋ ರಾಮೇಶ್ವರ ಯಾತ್ರೆಯಿಂದ ತಂದ ಬಿಳಿ ಹವಳದ ತುಂಡೊಂದು ನಟರಾಜನ ಪಕ್ಕ ಇತ್ತು. ಕಡಲಪ್ಪನವರು ಅದನ್ನು ಕಂಡು ಬಾಗಿಲು ಹಾಕಿ, ಪರದೆ ಎಳೆದು, “ಮಾವ, ಇದು ಹುಲಿಚರ್ಮಕ್ಕೆ ಸಮ” ಎಂದು ಪಿಸುಗುಟ್ಟಿದರು. ಮಾವನವರು ಅಂದಿನಿಂದ ಅದನ್ನು ಹುಲಿಚರ್ಮದಷ್ಟೇ ಹೆಮ್ಮೆಯಿಂದ ಬಂದವರಿಗೆಲ್ಲ ತೋರಿಸುತ್ತಾರೆ.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನಿಗೂ ಇದೇ ಹುಚ್ಚು. ಅಲ್ಲಿ ಸಾಕಿ ಬೆಳೆಸಿದ ಕಲ್ಲುಹವಳದ ಚಿಗುರುಗಳನ್ನು ಮಾವಿನ ಕಸಿಯಂತೆ ಕತ್ತರಿಸಿ ಮಾರುತ್ತಾರೆ, ಒಂದೊಂದು ತಳಿಗೆ ಒಂದೊಂದು ಹೆಸರು. ಒಂದರ ಹೆಸರು ‘ಹೋಮ್‌ರೆಕರ್’, ಅಂದರೆ ಮನೆಮುರುಕ. ಬೆರಳಿನ ಉಗುರಿನಷ್ಟು ತುಂಡಿಗೆ ಕೇಳುವ ಬೆಲೆ ನೋಡಿದರೆ ಹೆಸರಿಟ್ಟವನು ಪ್ರಾಮಾಣಿಕ ಮನುಷ್ಯ. ಕಡಲಪ್ಪನವರು ಅದರ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡಿದ್ದಾರೆ. ಮನೆಯಾಕೆ ಒಮ್ಮೆ ‘ಮನೆಮುರುಕ ಫೋಟೋ ಕಳಿಸು’ ಎಂಬ ಸಂದೇಶ ಓದಿ ಒಂದು ದಿನ ಮಾತು ಬಿಟ್ಟಿದ್ದರು.

ಹವಳಕ್ಕೆ ಮೂಳೆ ಕಟ್ಟಲು ಸುಣ್ಣ ಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಸುತ್ತಮುತ್ತ ನಿಲ್ಲಬೇಕು. ಮೃದುಹವಳಗಳಿಗೆ ಅಷ್ಟೇನೂ ಬೇಡವಾದರೂ ಕಡಲಪ್ಪನವರು ಜರ್ಮನ್ ಹೆಸರಿನ ಒಂದು ಡಬ್ಬಿ ತರಿಸಿದರು. ‘ಕಾಲ್ಕ್‌ವಾಸರ್.’ ಮೂರು ದಿನ ಆ ಪದವನ್ನು ಸರಿಯಾಗಿ ಉಚ್ಚರಿಸುವ ಅಭ್ಯಾಸ ನಡೆಯಿತು. ನಾಲ್ಕನೇ ದಿನ ಪುಡಿಯನ್ನು ನೀರಿಗೆ ಹಾಕಿ ಕದಡಿ, ತಿಳಿಯಾಗಲು ಬಿಟ್ಟಿದ್ದಾಗ, ಎಲೆ ಅಡಿಕೆ ಮೆಲ್ಲುತ್ತಿದ್ದ ಮಾವನವರು ಬಗ್ಗಿ ನೋಡಿದರು. “ಇದು ಸುಣ್ಣದ ತಿಳಿ ಅಲ್ಲವೇನಯ್ಯಾ?” ಹೌದು, ಸುಣ್ಣದ ತಿಳಿಯೇ. ಅದನ್ನು ರಾತ್ರಿಯೆಲ್ಲ ಹನಿ ಹನಿಯಾಗಿ ಬಿಡಬೇಕು, ಒಮ್ಮೆಲೇ ಸುರಿದರೆ ಪಿಹೆಚ್ ಏರಿ ತೊಟ್ಟಿ ಹಾಳು ಎಂದು ಕಡಲಪ್ಪನವರು ಹೇಳಿದ್ದಕ್ಕೆ ಮಾವನವರು ತಲೆದೂಗಿದರು: “ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತೆ, ಗೊತ್ತಿದ್ದದ್ದೇ.” ಇಡೀ ಮನೆಯಲ್ಲಿ ತೊಟ್ಟಿಯ ರಸಾಯನಶಾಸ್ತ್ರ ಪೂರ್ತಿ ಅರ್ಥವಾದದ್ದು ಅವರೊಬ್ಬರಿಗೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಮನೆಯಾಕೆ ದೂರಿದಾಗಲೂ ಅವರೇ ಅಳಿಯನ ಪರ ನಿಂತರು: ಇಲ್ಲಿ ಸುಣ್ಣ ತಿನ್ನುವವನಿಗೇ ಬೆಣ್ಣೆಯೋಗ.

ಅತಿಥಿಗಳು ಬಂದರೆ ಕಡಲಪ್ಪನವರು ಇತಿಹಾಸ ಹೇಳುತ್ತಾರೆ. 1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಪಾದ್ರಿಯ ಪತ್ನಿ ಟಾರ್ಕಿ ಕಡಲತೀರದಿಂದ ಹವಳಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದು ಮನೆಯಲ್ಲಿ ಸಾಕಿದಳು. ಪಂಪಿಲ್ಲದ ಕಾಲ; ನೀರಿಗೆ ಗಾಳಿ ಬೆರೆಯಲೆಂದು ದಿನಾ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ನಿಂತು ಕೆಲಸದಾಕೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುತ್ತಿದ್ದಳು, ನಮ್ಮ ಹೋಟೆಲಿನವರು ಕಾಫಿ ಆರಿಸಿದ ಹಾಗೆ. ಆಮೇಲೆ ಜಕಾರ್ತದ ಲೀ ಚಿನ್ ಎಂಗ್ ಬರೀ ಕಡಲಿನ ಕಲ್ಲು, ಬಿಸಿಲು, ಗಾಳಿಗುಳ್ಳೆ ಇಟ್ಟುಕೊಂಡೇ ಹವಳ ಸಾಕಿ 1961ರಲ್ಲಿ ಲೇಖನ ಬರೆದರು. “ಅವರಿಗೆ ಚಿಲ್ಲರ್ ಇಲ್ಲದೇ ಆಯಿತಲ್ಲ?” ಎಂದು ಯಾರಾದರೂ ಕೇಳಿದರೆ ಕಡಲಪ್ಪನವರು, “ಅವರ ಮನೆ ಪಕ್ಕ ಸಮುದ್ರ ಇತ್ತು” ಎಂದು ಮಾತು ಮುಗಿಸುತ್ತಾರೆ. ಹಿಂದೆ ಬಕೆಟ್ಟು ಹಿಡಿದು ನಿಂತ ಮನೆಯಾಕೆಗೆ ಮಾತ್ರ ಲಂಡನ್ನಿನ ಆ ಕೆಲಸದಾಕೆಯ ಬಗ್ಗೆ ಇನ್ನಷ್ಟು ತಿಳಿಯುವ ಕುತೂಹಲವಿದೆ.

ಮಕ್ಕಳು ಬಂದರೆ ಇನ್ನೂ ಕಷ್ಟ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ನೋಡಿ “ನೀಮೋ!” ಎಂದು ಕಿರುಚುತ್ತವೆ. ಮಗಳ ಹುಟ್ಟುಹಬ್ಬದ ದಿನ ಕಡಲಪ್ಪನವರು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ನಿಜ ಸಂಗತಿ ತಿಳಿಸಿದರು. ಈ ಮೀನುಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ; ಗುಂಪಿನ ಹೆಣ್ಣು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗುತ್ತದೆ. ಆದ್ದರಿಂದ 2003ರ ಆ ಚಿತ್ರದಲ್ಲಿ ಅಮ್ಮ ಸತ್ತ ಮೇಲೆ ಅಪ್ಪ ಊರೂರು ಹುಡುಕಿಕೊಂಡು ಹೋಗುವುದು ಜೀವಶಾಸ್ತ್ರಕ್ಕೆ ಒಪ್ಪುವುದಿಲ್ಲ, ಅಪ್ಪ ಅಷ್ಟು ಹೊತ್ತಿಗೆ ಅಮ್ಮನಾಗಿರಬೇಕಿತ್ತು. ಅಂದು ಸಂಜೆ ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗಳಲ್ಲಿ ಹನ್ನೆರಡು ಅಪ್ಪಂದಿರು ವಿಚಿತ್ರವಾದ ಪ್ರಶ್ನೆಗಳನ್ನು ಎದುರಿಸಿದರು.

ರಾತ್ರಿ ದೀಪವಾರಿದ ಮೇಲೆ ಬೇರೆಯೇ ಕಾರ್ಯಕ್ರಮ. ಕಲ್ಲಿನ ಜೊತೆ ಕರೆಯದೆ ಬಂದ ಹುಳ, ಏಡಿಗಳು ಆಗ ಹೊರಬರುತ್ತವೆ. ಇಂಗ್ಲೆಂಡಿನ ನ್ಯೂಕ್ವೇ ಅಕ್ವೇರಿಯಮ್ಮಿನಲ್ಲಿ 2009ರಲ್ಲಿ ಹವಳ ಚೂರುಚೂರಾಗುತ್ತಿದ್ದುದು ಯಾಕೆಂದು ತೊಟ್ಟಿ ಬಿಚ್ಚಿ ನೋಡಿದಾಗ ನಾಲ್ಕಡಿ ಉದ್ದದ ಹುಳ ಸಿಕ್ಕಿತ್ತು. ಅದಕ್ಕೆ ಬ್ಯಾರಿ ಎಂದು ಹೆಸರನ್ನೂ ಇಟ್ಟರು. ಇದನ್ನು ಓದಿದ ದಿನದಿಂದ ಕಡಲಪ್ಪನವರು ವಾರಕ್ಕೆರಡು ರಾತ್ರಿ ಕೆಂಪು ಟಾರ್ಚು ಹಿಡಿದು ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ನೀರು ಕುಡಿಯಲು ಎದ್ದ ಅತ್ತೆಯವರು ಒಮ್ಮೆ ಎಡವಿ ಬಿದ್ದು, ಕಳ್ಳನೆಂದು ಕೂಗಿ, ವಾಚ್‌ಮನ್ ಓಡಿಬಂದದ್ದೂ ಆಗಿದೆ. ಅದೇ ಅತ್ತೆಯವರು ಒಂದು ಭಾನುವಾರ ಸೇವಾಭಾವದಿಂದ, ಹೊರಗೆ ತೆಗೆದಿಟ್ಟಿದ್ದ ಹವಳದ ಕಲ್ಲನ್ನು ಬಿಸಿನೀರಲ್ಲಿ ತಿಕ್ಕಲು ಹೊರಟಿದ್ದರು. ಕಡಲಪ್ಪನವರು ಬಚ್ಚಲಿಗೆ ಹಾರಿ ಪಾತ್ರೆ ಕಿತ್ತುಕೊಂಡರು. ಅದು ನಗುವ ವಿಷಯವಲ್ಲ: ಗುಂಡಿಹವಳಗಳ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, ಕುದಿನೀರು ಬಿದ್ದರೆ ಹಬೆಯಲ್ಲಿ ಹರಡಬಹುದು. 2018ರಲ್ಲಿ ಇಂಗ್ಲೆಂಡಿನ ಒಂದು ಕುಟುಂಬ ತೊಟ್ಟಿ ಸ್ವಚ್ಛ ಮಾಡಹೋಗಿ ಆಸ್ಪತ್ರೆ ಸೇರಿತ್ತು. ಅತ್ತೆಯವರು ಅಂದಿನಿಂದ ತೊಟ್ಟಿಗೆ ದೂರದಿಂದಲೇ ಕೈಮುಗಿಯುತ್ತಾರೆ. ವಿಷ ಕಕ್ಕುವ ದೇವರಿಗೆ ಕೊಡುವ ಮರ್ಯಾದೆಯೇ ಬೇರೆ.

ಕರೆಂಟು ಹೋದಾಗ ಈ ಮನೆಯನ್ನು ಗುರುತಿಸುವುದು ಸುಲಭ. ಮೀನಿಗೆ ಉಸಿರು ಕಟ್ಟಬಾರದೆಂದು ಇನ್ವರ್ಟರು ತೊಟ್ಟಿಗೆ ಮಾತ್ರ. ಫ್ಯಾನಿಲ್ಲ, ಲೈಟಿಲ್ಲ, ವೈಫೈ ಇಲ್ಲ. ತೊಟ್ಟಿಯ ಮೇಲಿನ ಚಂದ್ರದೀಪದ ನೀಲಿ ಬೆಳಕಿನಲ್ಲಿ ಮನೆಮಂದಿ ಸುಮ್ಮನೆ ಕೂತಿರುತ್ತಾರೆ. ಕೆಳಗಿನಿಂದ ನೋಡಿದವರಿಗೆ ಐದನೇ ಮಹಡಿಯಲ್ಲಿ ಏನೋ ಪಾರ್ಟಿ ನಡೆದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ತೊಗಲುಹವಳ ತನ್ನ ಸಾವಿರ ಬೆರಳುಗಳನ್ನು ಬಿಚ್ಚಿಕೊಂಡು ತೂಗಾಡುವುದನ್ನು ಮನೆಯಾಕೆ ನೋಡುತ್ತ ಕೂತದ್ದನ್ನು ಮಗಳು ಎರಡು ಸಲ ಹಿಡಿದಿದ್ದಾಳೆ. ಆಕೆ ಒಪ್ಪಿಕೊಂಡಿಲ್ಲ.

ಹೀಗೆ ಎರಡು ವರ್ಷ ಊರು ಬಿಟ್ಟು ಹೋಗದ ಕುಟುಂಬ ಕಳೆದ ನವೆಂಬರಿನಲ್ಲಿ ಮುರುಡೇಶ್ವರಕ್ಕೆ ಹೊರಟಿತು. ಅಲ್ಲಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಕರ್ನಾಟಕದವರಿಗೆ ಹವಳವನ್ನು ಅದರ ಸ್ವಂತ ಮನೆಯಲ್ಲಿ ನೋಡಲು ಇರುವ ಜಾಗ. ವಾಚ್‌ಮನ್ನಿಗೆ ಹದಿನಾಲ್ಕು ಪುಟದ ಸೂಚನೆ, ದಿನಕ್ಕೊಂದು ಪೊಟ್ಟಣದಂತೆ ಕಟ್ಟಿಟ್ಟ ಮೀನಿನ ಊಟ, ಮೊಬೈಲಿಗೆ ಬರುವ ಉಷ್ಣಾಂಶದ ಎಚ್ಚರಿಕೆ ಎಲ್ಲ ಸಿದ್ಧವಾದವು. ದೋಣಿಯಲ್ಲಿ ಮಗಳಿಗೆ ನೀರಿಗಿಳಿಯುವ ಆತುರ, ಅತ್ತೆಯವರಿಗೆ ವಾಕರಿಕೆ, ಮನೆಯಾಕೆ ದಿಗಂತ ನೋಡುತ್ತ ಕೂತಿದ್ದರು. ನೇತ್ರಾಣಿಯ ಬಂಡೆಗಳು ಹತ್ತಿರವಾಗಿ ಎಂಜಿನ್ನು ನಿಂತಿತು. ಅಡಿಯಲ್ಲಿ ನೀರು ತಿಳಿಯಾಗಿ, ಹಸಿರಾಗಿ, ಉಸಿರಾಡುತ್ತಿತ್ತು.

ಕಡಲಪ್ಪನವರು ಚೀಲದಿಂದ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದರು. ಅಂಚಿಗೆ ಬಗ್ಗಿ, ಅರಬ್ಬಿ ಸಮುದ್ರದಿಂದ ಎರಡು ಹನಿ ತೆಗೆದು ಗಾಜಿನ ಮೇಲಿಟ್ಟು, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಆಮೇಲೆ ಥರ್ಮಾಮೀಟರನ್ನು ದಾರ ಕಟ್ಟಿ ಇಳಿಬಿಟ್ಟರು. ದೋಣಿಯವನು ಮೀನು ಹಿಡಿಯುತ್ತಿದ್ದಾರೆಂದು ತಿಳಿದು ಗದರಿದ.

“ಉಪ್ಪು ಪರವಾಗಿಲ್ಲ,” ಎಂದರು ಕಡಲಪ್ಪನವರು, ಕೊನೆಗೆ ತಲೆಯೆತ್ತಿ. “ನೀರು ಮಾತ್ರ ನಮ್ಮನೆಗಿಂತ ಮೂರು ಡಿಗ್ರಿ ಹೆಚ್ಚು ಬಿಸಿ.”

ಅತ್ತೆಯವರು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಬಿಡದೆಯೇ ಹೇಳಿದರು: “ಇದಕ್ಕೂ ಒಂದು ಚಿಲ್ಲರ್ ತರ್ತೀನಿ ಅನ್ಬೇಡಪ್ಪಾ.”

ಅಷ್ಟರಲ್ಲಿ ಕಡಲಪ್ಪನವರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ವಾಚ್‌ಮನ್. ನಾಲ್ಕು ದಿನದ ಊಟ ಒಂದೇ ದಿನ ಹಾಕಿಬಿಟ್ಟಿದ್ದೇನೆ, ಮೀನುಗಳು ತುಂಬ ಖುಷಿಯಾಗಿವೆ, ನಾಳೆಗೂ ಇದೆಯಾ ಎಂದು ಕೇಳುತ್ತಿದ್ದ.